ಎಫ್‌ಎಲ್‌ಪಿ ಪೆಟ್ಟಿಗೆ, ಅದರ ಬೋಲ್ಟು, ಅದರ ಸುತ್ತಲಿನ ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆ ಇಪ್ಪತ್ತು ವರ್ಷದಿಂದ ಕರೆಂಟ್ ಕೆಲಸ ಮಾಡುತ್ತಿದ್ದೇನೆ. ಪೆಟ್ರೋಲ್ ಬಂಕು, ಗ್ಯಾಸ್ ಗೋಡೌನು, ಫೌಂಡ್ರಿಯ ಪೇಂಟ್ ಶಾಪು, ಅಕ್ಕಿ ಗಿರಣಿ ಎಲ್ಲ ಕಡೆಯೂ, ಆವಿ ಅಥವಾ ಧೂಳು ಹೊತ್ತಿಕೊಳ್ಳಬಹುದಾದ ಜಾಗದ ಸ್ವಿಚ್, ಮೋಟಾರ್‌ಗಳಿಗೆ ಹಾಕುವ ಎಫ್‌ಎಲ್‌ಪಿ, ಅಂದರೆ ಫ್ಲೇಮ್‌ಪ್ರೂಫ್, ಪೆಟ್ಟಿಗೆಯ ಬಗ್ಗೆ ಅವೇ ಪ್ರಶ್ನೆಗಳು ಬರುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಕೇಳುತ್ತಾರೆ, ಮಾಲೀಕರು ಫೋನ್ ಮಾಡಿ ಕೇಳುತ್ತಾರೆ, ಒಬ್ಬರು ಹೊಸನಗರದಿಂದ ಕಾಗದವನ್ನೇ ಬರೆದಿದ್ದರು. ಅವರು ಕೇಳಿದ ಹಾಗೆಯೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಅಣ್ಣಾ, ಎಫ್‌ಎಲ್‌ಪಿ ಅಂದ್ರೆ ಒಳಗೆ ಗ್ಯಾಸ್ ಹೋಗಲ್ಲ ಅಂತ ತಾನೇ?

ಅಲ್ಲ. ಹತ್ತರಲ್ಲಿ ಎಂಟು ಜನ ಹೀಗೇ ತಿಳಿದಿರುತ್ತಾರೆ, ಎಷ್ಟೋ ತಪ್ಪುಗಳಿಗೆ ಇದೇ ಮೂಲ. ಫ್ಲೇಮ್‌ಪ್ರೂಫ್ ಪೆಟ್ಟಿಗೆಯೊಳಗೆ ಗ್ಯಾಸ್ ಹೋಗಿಯೇ ಹೋಗುತ್ತದೆ. ಹಗಲು ಬಿಸಿಯಾಗಿ, ರಾತ್ರಿ ತಣ್ಣಗಾಗಿ ಪೆಟ್ಟಿಗೆ ಉಸಿರಾಡುತ್ತದೆ, ಆ ಉಸಿರಿನಲ್ಲಿ ಹೊರಗಿನ ಆವಿ ಒಳಗೆ ಸೇರುತ್ತದೆ. ಒಳಗೆ ಸ್ವಿಚ್ ಕಿಡಿ ಹಾರಿ ಅದು ಹೊತ್ತಿಕೊಂಡರೂ ಪೆಟ್ಟಿಗೆ ಒಡೆಯಬಾರದು. ಒಳಗಿನ ಬೆಂಕಿ ಹೊರಗಿನ ಗ್ಯಾಸಿಗೆ ತಗಲಬಾರದು. ಪೆಟ್ಟಿಗೆಯ ಕೆಲಸ ಇಷ್ಟೇ. ಅದಕ್ಕೇ ಗೋಡೆ ಅಷ್ಟು ದಪ್ಪ. ಅದಕ್ಕೇ ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಅಗಲವಾದ ನುಣುಪು ಅಂಚು. ಬಿಸಿ ಅನಿಲ ಆ ಸಣ್ಣ ಸಂದಿಯಲ್ಲಿ ನುಸುಳಿ ಹೊರಬರುವಷ್ಟರಲ್ಲಿ ತಣ್ಣಗಾಗಿ ಬೆಂಕಿ ಸತ್ತಿರುತ್ತದೆ. ಈ ದಾರಿಗೆ ಫ್ಲೇಮ್ ಪಾತ್ ಅನ್ನುತ್ತಾರೆ. ಇದೊಂದು ಅರ್ಥವಾದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

ನಮ್ಮೂರಲ್ಲಿ ದೊಡ್ಡ ಕೆಮಿಕಲ್ ಫ್ಯಾಕ್ಟರಿನೇ ಇಲ್ವಲ್ಲ, ಇದೆಲ್ಲ ನಮಗ್ಯಾಕೆ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಅಲ್ಲಿ ಮಲೆನಾಡಿನ ಕಟ್ಟಿಗೆಯನ್ನು ಭಟ್ಟಿ ಇಳಿಸಿ ಇದ್ದಿಲು, ಟಾರು, ಮೀಥೈಲ್ ಆಲ್ಕೊಹಾಲ್ ತೆಗೆಯುತ್ತಿದ್ದರು. ಆ ಆಲ್ಕೊಹಾಲಿನ ಆವಿ ಒಂದು ಕಿಡಿಗೆ ಹತ್ತಿಕೊಳ್ಳುವಂಥದ್ದು. ಅಂದರೆ ಈ ಅಪಾಯಕ್ಕೆ ನಮ್ಮ ಜಿಲ್ಲೆಯಲ್ಲಿ ನೂರು ವರ್ಷ ಆಯಿತು. ಈಗಲೂ ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಿಗೆ ಹೋಗಿ ನೋಡಿ. ಕುಲುಮೆಯ ಹತ್ತಿರ ಎಲ್ಲರೂ ಎಚ್ಚರ ಇರುತ್ತಾರೆ, ಬೆಂಕಿ ಕಣ್ಣಿಗೆ ಕಾಣುತ್ತದಲ್ಲ. ಆದರೆ ಥಿನ್ನರ್ ಬೆರೆಸುವ ಮೂಲೆಯಲ್ಲಿ, ಅಚ್ಚಿಗೆ ಸ್ಪಿರಿಟ್ ಕಲಸಿದ ಕೋಟಿಂಗ್ ಬಳಿಯುವ ಜಾಗದಲ್ಲಿ ಸಾಮಾನ್ಯ ಪೆಡಸ್ಟಲ್ ಫ್ಯಾನ್ ತಿರುಗುತ್ತಿರುತ್ತದೆ. ನನಗೆ ಹೆಚ್ಚು ಭಯ ಆಗುವುದು ಆ ಮೂಲೆಯಲ್ಲೇ.

ಹುಣಸೋಡಲ್ಲಿ ಆಯ್ತಲ್ಲ, ಅದೂ ಇದೇನಾ?

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನ ಸ್ಫೋಟಕ್ಕೆ ನಮ್ಮ ಮನೆಗಳ ಕಿಟಕಿ ನಡುಗಿದ್ದನ್ನು ಯಾರೂ ಮರೆತಿಲ್ಲ. ಅದು ಬೇರೆ. ಅಲ್ಲಿ ಸಿಡಿದದ್ದು ಕಲ್ಲು ಒಡೆಯಲು ತಂದ ಸ್ಫೋಟಕ. ಅದರ ಸಾಗಣೆ, ದಾಸ್ತಾನಿಗೆ 2008ರ ಸ್ಫೋಟಕ ನಿಯಮಗಳು ಬೇರೆಯೇ ಇವೆ. ಇಲ್ಲಿ ನಾನು ಹೇಳುತ್ತಿರುವುದು ಗಾಳಿಯಲ್ಲಿ ಬೆರೆತ ಆವಿ ಅಥವಾ ಧೂಳಿನ ವಿಷಯ. ಎರಡಕ್ಕೂ ಸಂಬಂಧಪಟ್ಟ ಸರ್ಕಾರಿ ಸಂಸ್ಥೆ ಮಾತ್ರ ಒಂದೇ, ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ). ಸ್ಫೋಟಕದ ಲೈಸೆನ್ಸೂ ಅವರದೇ, ಪೆಟ್ರೋಲ್ ಬಂಕಿನ ಎಫ್‌ಎಲ್‌ಪಿ ಸಾಮಾನಿಗೆ ಒಪ್ಪಿಗೆ ಕೊಡುವುದೂ ಅವರೇ.

ಸ್ವಲ್ಪ ವಾಸನೆ ಬಂದ್ರೆ ಸಾಕಾ, ಹತ್ತಿಕೊಂಡು ಬಿಡುತ್ತಾ?

ಗಾಳಿಯಲ್ಲಿ ಆವಿ ತೀರಾ ಕಡಿಮೆ ಇದ್ದರೆ ಹತ್ತುವುದಿಲ್ಲ, ತೀರಾ ಜಾಸ್ತಿ ಇದ್ದರೂ ಹತ್ತುವುದಿಲ್ಲ. ಪೆಟ್ರೋಲಿಗೆ ನೂರಕ್ಕೆ 1.4ರಿಂದ 7.6 ಭಾಗ, ಅಡುಗೆ ಗ್ಯಾಸಿಗೆ ಹೆಚ್ಚುಕಡಿಮೆ 2ರಿಂದ 9, ಗೋಬರ್ ಗ್ಯಾಸಿನಲ್ಲಿರುವ ಮೀಥೇನಿಗೆ 5ರಿಂದ 15. ಹೈಡ್ರೋಜನ್ ಮಾತ್ರ 4ರಿಂದ 75ರವರೆಗೂ ಹತ್ತುತ್ತದೆ. ಹಾಗಂತ ವಾಸನೆ ಕಡಿಮೆ ಇದೆ, ಪರವಾಗಿಲ್ಲ ಅಂತ ಲೆಕ್ಕ ಹಾಕಬೇಡಿ. ನೀವು ನಿಂತ ಜಾಗದಲ್ಲಿ ಕಡಿಮೆ ಇದ್ದದ್ದು ಚರಂಡಿಯಲ್ಲಿ, ಪಂಪಿನ ಗುಂಡಿಯಲ್ಲಿ ಜಾಸ್ತಿ ಇರಬಹುದು. ಪೆಟ್ರೋಲ್ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ, ಇಳಿಜಾರು ಹಿಡಿದು ನೀರಿನ ಹಾಗೆ ಹರಿಯುತ್ತದೆ. ನಮ್ಮ ಮಲೆನಾಡಲ್ಲಿ ಸಪಾಟಾದ ಜಾಗ ಎಲ್ಲಿದೆ ಹೇಳಿ? 2009ರ ಅಕ್ಟೋಬರ್ 29ರಂದು ಜೈಪುರದ ತೈಲ ಡಿಪೋದಲ್ಲಿ ಪೆಟ್ರೋಲ್ ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿ, ಆವಿ ಆವರಣದ ಉದ್ದಗಲಕ್ಕೂ ಹರಡಿ, ಆಮೇಲೆ ಹೊತ್ತಿಕೊಂಡಿತು. ಸೋರಿದ ಜಾಗ ಒಂದಾದರೆ ಕಿಡಿ ಸಿಗುವ ಜಾಗ ಇನ್ನೊಂದು.

ಮನೇಲಿ ಗ್ಯಾಸ್ ವಾಸನೆ ಬಂದ್ರೆ ಮೊದಲು ಎಕ್ಸಾಸ್ಟ್ ಫ್ಯಾನ್ ಹಾಕ್ಬೇಕಲ್ವಾ?

ಬೇಡ, ದಯವಿಟ್ಟು ಬೇಡ. ಸ್ವಿಚ್ ಹಾಕಿದರೂ ಕಿಡಿ, ತೆಗೆದರೂ ಕಿಡಿ. ಉರಿಯುತ್ತಿರುವ ಲೈಟ್ ಉರಿಯಲಿ, ಆರಿರುವುದು ಆರಿಯೇ ಇರಲಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ. ಅಡುಗೆ ಗ್ಯಾಸ್ ನೆಲದಲ್ಲೇ ಕೂರುವುದರಿಂದ ಬಾಗಿಲು ತೆಗೆಯುವುದು ಮುಖ್ಯ. ದೇವರ ಕೋಣೆಯ ಎಣ್ಣೆ ದೀಪವನ್ನು ಮಾತ್ರ ನೆನಪಿಟ್ಟು ಆರಿಸಿ. ಎಲ್ಲರೂ ಹೊರಗೆ ಬಂದ ಮೇಲೆ, ಅಂಗಳದಲ್ಲಿ ದೂರ ನಿಂತು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.

ಬಂಕಲ್ಲಿ ಫೋನ್ ಮಾಡಬಾರದು ಅಂತಾರೆ, ನಿಜವಾಗ್ಲೂ ಫೋನಿಂದ ಬೆಂಕಿ ಬರುತ್ತಾ?

ಫೋನಿಗಿಂತ ನನಗೆ ಮೈಮೇಲಿನ ಸ್ಟ್ಯಾಟಿಕ್ ಕರೆಂಟಿನ ಭಯ ಜಾಸ್ತಿ. ಪೆಟ್ರೋಲ್ ಆವಿ ಹತ್ತಲು ಕಾಲು ಮಿಲಿಜೂಲ್ ಶಕ್ತಿ ಸಾಕು. ಚಳಿಗಾಲದ ಒಣ ಬೆಳಿಗ್ಗೆ ಕಾರಿನ ಬಾಗಿಲು ಮುಟ್ಟಿದಾಗ ಬೆರಳಿಗೆ ಚುರ್ ಅನ್ನುತ್ತದಲ್ಲ, ಆ ಕಿಡಿಯಲ್ಲಿ ಅದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಕಳೆ ಕೊಚ್ಚುವ ಯಂತ್ರಕ್ಕೆ, ಮರ ಕೊಯ್ಯುವ ಮೆಷಿನ್ನಿಗೆ ಅಂತ ಪ್ಲಾಸ್ಟಿಕ್ ಕ್ಯಾನಲ್ಲಿ ಪೆಟ್ರೋಲ್ ಒಯ್ಯುವವರು ಇಲ್ಲಿ ತುಂಬಾ ಜನ. ಪೆಟ್ರೋಲಿಗೆಂದೇ ಮಾಡಿದ ಕ್ಯಾನ್ ಬಳಸಿ. ಅದನ್ನು ಜೀಪಿನ ಹಿಂದಿನ ಮ್ಯಾಟ್ ಮೇಲೆ ಇಟ್ಟು ತುಂಬಿಸಬೇಡಿ, ನೆಲಕ್ಕೆ ಇಳಿಸಿ, ನಾಜಲ್ ಕ್ಯಾನಿನ ಬಾಯಿಗೆ ತಾಗಿರಲಿ, ನಿಧಾನ ತುಂಬಿಸಲು ಹೇಳಿ. ಫೋನನ್ನೂ ಜೇಬಲ್ಲೇ ಇಡಿ. ಅದು ಅಂಥ ಜಾಗಕ್ಕೆಂದು ಮಾಡಿದ್ದಲ್ಲ, ಗಮನವನ್ನೂ ಎಳೆಯುತ್ತದೆ.

## ಕೆಲಸಕ್ಕೆ ಇಳಿದ ಮೇಲೆ

ಜೋನ್ 0, ಜೋನ್ 1, ಜೋನ್ 2 ಅಂತ ಯಾರು ಗೆರೆ ಹಾಕ್ತಾರೆ? ನಂಗೆ ಹೇಗೆ ಗೊತ್ತಾಗ್ಬೇಕು?

ಆವಿ ಸದಾ ಇರುವ ಜಾಗ ಜೋನ್ 0, ಉದಾಹರಣೆಗೆ ಪೆಟ್ರೋಲ್ ಟ್ಯಾಂಕಿನ ಒಳಗೆ. ಮಾಮೂಲಿ ಕೆಲಸ ನಡೆಯುವಾಗಲೇ ಆಗಾಗ ಬರುವ ಜಾಗ ಜೋನ್ 1. ಏನೋ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಬರುವುದು ಜೋನ್ 2. ಧೂಳಿಗೆ ಇದೇ ಲೆಕ್ಕದಲ್ಲಿ 20, 21, 22. ಗೆರೆ ಹಾಕುವುದು ಕರೆಂಟಿನವನ ಕೆಲಸ ಅಲ್ಲ. ಆ ಪ್ಲಾಂಟ್ ಗೊತ್ತಿರುವ ಇಂಜಿನಿಯರುಗಳು ಐಎಸ್ 5572 ಅನ್ನುವ ಭಾರತೀಯ ಮಾನದಂಡ ನೋಡಿಕೊಂಡು ನಕ್ಷೆ ಮಾಡಬೇಕು. ನೀವು ಮಾಡಬೇಕಾದದ್ದು ಆ ನಕ್ಷೆ ಕೇಳುವುದು. ಕೇಳಿದಾಗ "ಹಾಗೆಲ್ಲ ಏನೂ ಇಲ್ಲ, ಸುಮ್ನೆ ಪೈಪ್ ಎಳಿ" ಅಂದರೆ ಆ ಕೆಲಸ ಒಪ್ಪಿಕೊಳ್ಳುವ ಮುಂಚೆ ಯೋಚಿಸಿ. ಇನ್ನೊಂದು ವಿಷಯ. ಜೋನ್ ಗಾಳಿಯ ಮೇಲೆ ನಿಂತಿದೆ. ಮಳೆ ಎರಚಲು ಬರುತ್ತದೆ ಅಂತ ಪಂಪ್ ಶೆಡ್ಡಿನ ಜಾಲರಿಗೆ ತಗಡು ಹೊಡೆದರೆ, ನಕ್ಷೆಯಲ್ಲಿ ಜೋನ್ 2 ಅಂತ ಇದ್ದದ್ದು ಆ ಹೊತ್ತಿಂದ ಜೋನ್ 2 ಆಗಿ ಉಳಿಯದಿರಬಹುದು.

ಪ್ಲೇಟ್ ಮೇಲೆ ಎಕ್ಸ್ ಡಿಬಿ ಟೂ-ಬಿ ಟಿ4 ಜಿಬಿ (Ex db IIB T4 Gb) ಅಂತ ಇದೆ. ಓದೋದು ಹೇಗೆ?

ಎಕ್ಸ್ ಅಂದರೆ ಸ್ಫೋಟಕ ಗಾಳಿ ಇರುವ ಜಾಗಕ್ಕೆ ಮಾಡಿದ್ದು. ಡಿಬಿ ಅಂದರೆ ಫ್ಲೇಮ್‌ಪ್ರೂಫ್. ಟೂ-ಬಿ ಗ್ಯಾಸಿನ ಗುಂಪು. ಪೆಟ್ರೋಲ್, ಅಡುಗೆ ಗ್ಯಾಸ್ ಟೂ-ಎ ಗುಂಪಿನವು, ಇಥಿಲೀನ್ ಟೂ-ಬಿ, ಹೈಡ್ರೋಜನ್ ಮತ್ತು ಅಸಿಟಿಲೀನ್ ಟೂ-ಸಿ. ಟೂ-ಬಿ ಪೆಟ್ಟಿಗೆ ಟೂ-ಎಗೆ ನಡೆಯುತ್ತದೆ, ಟೂ-ಸಿಗೆ ನಡೆಯುವುದಿಲ್ಲ. ಯಾಕೆಂದರೆ ಟೂ-ಎ ಗುಂಪಿನ ಪ್ರೋಪೇನ್ ಬೆಂಕಿ 0.92 ಮಿ.ಮೀ. ಸಂದಿಯಲ್ಲಿ ಸಾಯುತ್ತದೆ, ಹೈಡ್ರೋಜನ್ ಬೆಂಕಿ ಸಾಯಲು 0.29 ಮಿ.ಮೀ.ಗೆ ಇಳಿಯಬೇಕು. ಟಿ4 ಅಂದರೆ ಮೈ 135 ಡಿಗ್ರಿ ದಾಟುವುದಿಲ್ಲ. ಟಿ3 ಆದರೆ 200, ಟಿ6 ಆದರೆ 85. ಕೊನೆಯ ಜಿಬಿ ಜೋನ್ 1ಕ್ಕೂ ಜೋನ್ 2ಕ್ಕೂ ಸರಿ, ಜೋನ್ 0ಗೆ ಜಿಎ ಬೇಕು.

ಎರಡು ಕಡೆ ಜನ ಎಡವುತ್ತಾರೆ. ಸರ್ಟಿಫಿಕೇಟ್ ನಂಬರಿನ ಕೊನೆಯಲ್ಲಿ ಎಕ್ಸ್ (X) ಅಕ್ಷರ ಒಂದೇ ಇದ್ದರೆ ವಿಶೇಷ ಷರತ್ತು ಇದೆ ಅಂತ ಅರ್ಥ, ಸರ್ಟಿಫಿಕೇಟ್ ತೆಗೆದು ಓದಲೇಬೇಕು. ಪ್ಲೇಟಿನಲ್ಲಿ ಸುತ್ತಲಿನ ಉಷ್ಣತೆ ಬರೆದಿಲ್ಲ ಅಂದರೆ ಅದು 40 ಡಿಗ್ರಿವರೆಗೆ ಮಾತ್ರ. ನಮ್ಮೂರು ತಂಪು ಅಂತೀರಿ, ಆದರೆ ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನ ಕೆಳಗೆ, ಬಾಯ್ಲರ್ ಗೋಡೆಯ ಪಕ್ಕ ಅದು 40ರಲ್ಲಿ ನಿಲ್ಲುವುದಿಲ್ಲ.

ಹನ್ನೆರಡು ಬೋಲ್ಟಲ್ಲಿ ಎರಡು ಇಲ್ದಿದ್ರೆ ಏನ್ ಮಹಾ ಆಗುತ್ತೆ? ಮುಚ್ಚಳ ಗಟ್ಟಿಯಾಗೇ ಇದೆಯಲ್ಲ.

ಎರಡು ಬೋಲ್ಟ್ ಇಲ್ಲದಿದ್ದರೆ ಅದು ಎಫ್‌ಎಲ್‌ಪಿ ಪೆಟ್ಟಿಗೆಯೇ ಅಲ್ಲ, ಬರೀ ಭಾರದ ಎರಕದ ಪೆಟ್ಟಿಗೆ. ಒಳಗೆ ಗ್ಯಾಸ್ ಹೊತ್ತಿದಾಗ ಒತ್ತಡ ಒಂದೇ ಕ್ಷಣದಲ್ಲಿ ಏರುತ್ತದೆ. ಬೋಲ್ಟ್ ಇಲ್ಲದ ಕಡೆ ಮುಚ್ಚಳ ಒಂದು ಎಳೆ ಎದ್ದರೂ ಸಂದಿ ದೊಡ್ಡದಾಗುತ್ತದೆ, ಬೆಂಕಿ ತಣ್ಣಗಾಗದೆ ಹೊರಗೆ ಬರುತ್ತದೆ. ಕೈಯಲ್ಲಿ ಅಲ್ಲಾಡಿಸಿ ನೋಡಿ ಗಟ್ಟಿ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ನಾನು ಹೆಲ್ಪರ್ ಆಗಿದ್ದಾಗಿನ ಮಾತು. ಜುಲೈ ತಿಂಗಳು, ಸಂಜೆ ಆರು ಗಂಟೆ, ಜಡಿಮಳೆ. ಪಂಪಿನ ಜಂಕ್ಷನ್ ಬಾಕ್ಸ್ ಮುಚ್ಚುವಾಗ ಒಂದು ಬೋಲ್ಟ್ ಕೈಜಾರಿ ಕೆಸರಿಗೆ ಬಿತ್ತು. ಹುಡುಕಿದೆ, ಸಿಗಲಿಲ್ಲ. ಉಳಿದ ಏಳನ್ನು ಬಿಗಿದು ಮನೆಗೆ ಬಂದೆ. ಮರುದಿನ ನಮ್ಮ ಹಿರಿಯ ಮೇಸ್ತ್ರಿಯವರು ಬಾಕ್ಸ್ ಸುತ್ತ ಒಮ್ಮೆ ಕೈಯಾಡಿಸಿ ನನ್ನ ಮುಖ ನೋಡಿದರು. ಬೈಯಲಿಲ್ಲ. ಆ ಪಂಪಿನ ಕರೆಂಟ್ ತೆಗೆಸಿ, ಫ್ಯೂಸ್ ತಮ್ಮ ಜೇಬಿಗೆ ಹಾಕಿಕೊಂಡು, "ಬೋಲ್ಟ್ ಬರೋವರೆಗೂ ಇದು ಓಡಲ್ಲ" ಅಂದರು. ಅರ್ಧ ದಿನ ಕೆಲಸ ನಿಂತಿತು. ಅಂಗಡಿಯಿಂದ ತಂದ ಬೋಲ್ಟನ್ನೂ ಅವರು ಮೊದಲ ಸಲ ವಾಪಸ್ ಕಳಿಸಿದರು, ದರ್ಜೆ ಬೇರೆ, ಉದ್ದ ಬೇರೆ. ತಯಾರಕರು ಹೇಳಿದ ದರ್ಜೆಯದೇ ಬೇಕು ಅಂತ ಅವತ್ತು ಕಲಿತದ್ದು. ಈಗ ಮುಚ್ಚಳ ತೆಗೆಯುವ ಮುಂಚೆ ಬೋಲ್ಟ್ ಹಾಕಲು ಒಂದು ಡಬ್ಬಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ, ಮುಚ್ಚಿದ ಮೇಲೆ ಡಬ್ಬಿ ಖಾಲಿ ಇರಬೇಕು.

ಅಂಚಿನ ಮುಂದೆ ಏನಿದೆ ಅಂತಲೂ ನೋಡಿ. ಫ್ಲೇಂಜ್ ಸಂದಿಯ ಎದುರು ಗೋಡೆ, ಪೈಪು, ಆಂಗಲ್ ಇದ್ದರೆ ಹೊರಬರುವ ಬಿಸಿ ಅನಿಲ ಹರಡಲು ಜಾಗ ಸಿಗುವುದಿಲ್ಲ. ಟೂ-ಎಗೆ 10 ಮಿ.ಮೀ., ಟೂ-ಬಿಗೆ 30, ಟೂ-ಸಿಗೆ 40 ಖಾಲಿ ಬಿಡಬೇಕು. ಆಮೇಲೆ ಬಂದ ಪ್ಲಂಬರ್ ಅಂಚಿಗೆ ತಾಗಿಸಿ ಪೈಪ್ ಎಳೆದಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

ಮಳೆಗಾಲದಲ್ಲಿ ಬಾಕ್ಸ್ ಒಳಗೆ ನೀರು ನಿಲ್ಲುತ್ತೆ ಮಾರಾಯ್ರೇ. ಅಂಚಿಗೆ ಸಿಲಿಕಾನ್ ಹಚ್ಚಿ, ಇಲ್ಲ ಸೈಕಲ್ ಟ್ಯೂಬ್ ಕತ್ತರಿಸಿ ಗ್ಯಾಸ್ಕೆಟ್ ಹಾಕಿದ್ರೆ?

ಇದು ನಮ್ಮ ಮಲೆನಾಡಿನದೇ ಪ್ರಶ್ನೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಮಳೆ ಬೀಳುವಾಗ ನೀರು ಎಲ್ಲಿ ನುಗ್ಗುವುದಿಲ್ಲ? ಆದರೂ ಟ್ಯೂಬ್ ಬೇಡ. ಮೂಲದಲ್ಲಿ ಇಲ್ಲದ ಗ್ಯಾಸ್ಕೆಟ್ ತುರುಕಿದರೆ ಲೋಹದ ಎರಡು ಅಂಚು ಕೂಡುವುದೇ ಇಲ್ಲ. ರಬ್ಬರ್ ಸುಟ್ಟುಹೋಗಿ ಅಲ್ಲಿ ಸಂದಿ ಬಾಯಿಬಿಡುತ್ತದೆ. ಗಟ್ಟಿಯಾಗುವ ಸಿಲಿಕಾನ್, ಬಣ್ಣ, ಎಂ-ಸೀಲ್ ಯಾವುದೂ ಅಂಚಿನ ಮೇಲೆ ಬೇಡ. ಗಟ್ಟಿಯಾಗದ, ತುಕ್ಕು ತಡೆಯುವ ಗ್ರೀಸ್ ತೆಳುವಾಗಿ ಸವರಬಹುದು, ಸವರಲೇಬೇಕು. ತುಕ್ಕು ಬಂದಿದ್ದರೆ ಎಮರಿ ಪೇಪರಿನಿಂದಾಗಲಿ ಉಳಿಯಿಂದಾಗಲಿ ಕೆರೆಯಬೇಡಿ, ಅಂಚು ತಿಂದುಹೋದರೆ ಸಂದಿ ಹೆಚ್ಚುತ್ತದೆ. ಸೀಮೆಎಣ್ಣೆ ಅದ್ದಿದ ಬಟ್ಟೆ, ಮರದ ಚಕ್ಕೆ ಸಾಕು. ಅಷ್ಟಕ್ಕೂ ಹೋಗದೆ ಅಂಚಿನಲ್ಲಿ ಗುಳಿ ಬಿದ್ದಿದ್ದರೆ ಆ ಪೆಟ್ಟಿಗೆಯ ಆಯಸ್ಸು ಮುಗಿಯಿತು.

ಫ್ಲೇಮ್‌ಪ್ರೂಫ್ ಬೇರೆ, ವೆದರ್‌ಪ್ರೂಫ್ ಬೇರೆ. ನಮ್ಮ ಕಡೆಗೆ ಎರಡೂ ಇರುವುದನ್ನು ಕೊಳ್ಳಬೇಕು, ನೀರು, ಧೂಳನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಅಂಕಿ ನೋಡಿ. ಕೇಬಲ್ ಆದಷ್ಟು ಕೆಳಗಿನಿಂದ ಬರಲಿ, ಬರುವಾಗ ಒಂದು ಬಳುಕು ಇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮೇಲೆ ಒಂದು ಮಾಡು ಕಟ್ಟಿದರೆ ತುಂಬಾ ಒಳ್ಳೆಯದು, ಗಾಳಿಗೆ ಅಡ್ಡ ಬರದ ಹಾಗೆ.

ಗ್ಲ್ಯಾಂಡ್ ಸಿಗಲಿಲ್ಲ, ಮಾಮೂಲಿ ಹಿತ್ತಾಳೆದು ಹಾಕ್ಲಾ?

ಬೇಡ. ಗ್ಲ್ಯಾಂಡ್ ಅಂದರೆ ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ತೂತಿನಲ್ಲಿ ಅದನ್ನು ಬಿಗಿಹಿಡಿಯುವ ಭಾಗ. ಪೆಟ್ಟಿಗೆಗೆ ಸಾವಿರಾರು ರೂಪಾಯಿ ಕೊಟ್ಟು ಗ್ಲ್ಯಾಂಡಿನಲ್ಲಿ ಉಳಿಸುವುದು ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆಗೆದಿಟ್ಟ ಹಾಗೆ. ಸರ್ಟಿಫಿಕೇಟ್ ಇರುವ ಎಫ್‌ಎಲ್‌ಪಿ ಗ್ಲ್ಯಾಂಡ್, ಕೇಬಲಿನ ದಪ್ಪಕ್ಕೆ ಸರಿಯಾದದ್ದು, ಕನಿಷ್ಠ ಐದು ಸುತ್ತು ಥ್ರೆಡ್ ಹಿಡಿದಿರಬೇಕು. ಬಳಸದ ತೂತಿಗೆ ಸಾಮಾನಿನ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳ ಸಾಗಣೆಗೆ ಮಾತ್ರ, ಅದನ್ನು ತೆಗೆದು ಸರ್ಟಿಫಿಕೇಟ್ ಇರುವ ಲೋಹದ ಸ್ಟಾಪ್ ಪ್ಲಗ್ ಹಾಕಿ.

ಅಕ್ಕಿ ಗಿರಣಿಲಿ ಗ್ಯಾಸೂ ಇಲ್ಲ ಪೆಟ್ರೋಲೂ ಇಲ್ಲ. ಧೂಳು ಸಿಡಿಯುತ್ತಾ?

ಸಿಡಿಯುತ್ತದೆ. ತೌಡು, ಹಿಟ್ಟು, ಮರದ ನಯ ಪುಡಿ ಎಲ್ಲವೂ ಗಾಳಿಯಲ್ಲಿ ಎದ್ದಾಗ ಒಂದು ಕಿಡಿ ಸಾಕು. ಎರಡು ಮೀಟರ್ ಆಚೆ ಉರಿಯುತ್ತಿರುವ 25 ವ್ಯಾಟ್ ಬಲ್ಬ್ ಧೂಳಲ್ಲಿ ಕಾಣದಿದ್ದರೆ ಅಪಾಯದ ಮಟ್ಟಕ್ಕೆ ಬಂದಿದೆ ಅಂತ ಒಂದು ಹಳೆಯ ಅಂದಾಜಿದೆ. ಮೊದಲ ಸಿಡಿತ ಸಾಮಾನ್ಯವಾಗಿ ಚಿಕ್ಕದು, ಧಾನ್ಯ ಮೇಲೆತ್ತುವ ಎಲಿವೇಟರ್ ಒಳಗೆ ಎಲ್ಲೋ ಆಗುತ್ತದೆ. ಅದರ ಹೊಡೆತಕ್ಕೆ ತೊಲೆ, ಜಂತಿ, ಕೇಬಲ್ ಟ್ರೇ ಮೇಲೆ ವರ್ಷಗಟ್ಟಲೆ ಕೂತ ಧೂಳು ಒಮ್ಮೆಲೇ ಎದ್ದು ಎರಡನೆಯದು ಆಗುತ್ತದೆ. ಕಟ್ಟಡ ಬೀಳುವುದು ಎರಡನೆಯದಕ್ಕೆ.

ಮೋಟಾರಿನ ಮೇಲೆ ಕೂತ ಧೂಳು ಕಂಬಳಿ ಹೊದಿಸಿದ ಹಾಗೆ. ಪ್ಲೇಟಿನಲ್ಲಿ ಬರೆದ ಉಷ್ಣತೆ ಆಮೇಲೆ ಅನ್ವಯಿಸುವುದಿಲ್ಲ. ಲೆಕ್ಕ ಹಾಕುವವರು 5 ಮಿ.ಮೀ. ಪದರ ಹೊಗೆಯಾಡಲು ಶುರುವಾಗುವ ಉಷ್ಣತೆಗಿಂತ 75 ಡಿಗ್ರಿ ಕೆಳಗೆ ಮೋಟಾರಿನ ಮೈ ಇರಬೇಕು ಅನ್ನುತ್ತಾರೆ. ನೀವು ಇವತ್ತೇ ಮಾಡಬಹುದಾದದ್ದು ಒಂದಿದೆ. ಕಂಪ್ರೆಸರ್ ಗಾಳಿಯಲ್ಲಿ ಧೂಳು ಊದುವುದನ್ನು ನಿಲ್ಲಿಸಿ. ಮೆಷಿನ್ ನಿಲ್ಲಿಸಿ ಮೆತ್ತಗೆ ಗುಡಿಸಿ, ಇಲ್ಲವೇ ಧೂಳಿಗೆಂದೇ ಸರ್ಟಿಫಿಕೇಟ್ ಇರುವ ವ್ಯಾಕ್ಯೂಮ್ ಬಳಸಿ. ಆವಿಗೆ ಮಾಡಿದ ಎಫ್‌ಎಲ್‌ಪಿ ಫಿಟ್ಟಿಂಗ್ ಧೂಳಿಗೂ ನಡೆಯುತ್ತದೆ ಅಂತ ಸುಮ್ಮನೆ ನಂಬಬೇಡಿ, ಪ್ಲೇಟಿನಲ್ಲಿ ಧೂಳಿನ ಗುರುತು ಬೇರೆಯೇ ಇರಬೇಕು.

ಮಳೆಗಾಲ ಪೂರ್ತಿ ಕರೆಂಟಿರಲ್ಲ, ಮನೇಲಿ ಇನ್ವರ್ಟರ್ ಬ್ಯಾಟರಿ ನಾಲ್ಕಿದೆ. ಆ ಕೋಣೆಗೂ ಎಫ್‌ಎಲ್‌ಪಿ ಬಲ್ಬ್ ಬೇಕಾ?

ಮನೆಗೆ ಬಲ್ಬಿಗಿಂತ ಗಾಳಿ ಮುಖ್ಯ. ಚಾರ್ಜ್ ತುಂಬುತ್ತಾ ಬಂದಾಗ ನೀರು ಹಾಕುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಅದು ಗಾಳಿಗಿಂತ ತುಂಬಾ ಹಗುರ, ಅಟ್ಟದ ಕೆಳಗೆ ಸೇರುತ್ತದೆ. ಅದಕ್ಕೇ ಕಿಂಡಿ ಮೇಲ್ಭಾಗದಲ್ಲಿ ಇರಬೇಕು. ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಲ್ಲಿ ಬ್ಯಾಟರಿ ಇಡಬೇಡಿ. ನೀರಿನ ಮಟ್ಟ ನೋಡಲು ಕಡ್ಡಿ ಗೀರಬೇಡಿ. ಟರ್ಮಿನಲ್ ಬಿಚ್ಚುವ ಮುಂಚೆ ಚಾರ್ಜರ್ ಮತ್ತು ಲೋಡ್ ಎರಡನ್ನೂ ಬಂದ್ ಮಾಡಿ, ಇಲ್ಲದಿದ್ದರೆ ಕಿಡಿ ಹಾರುವುದು ಬ್ಯಾಟರಿಯ ಬಾಯಲ್ಲೇ.

## ಸ್ವಲ್ಪ ಆಳಕ್ಕೆ

ಬರೀ 24 ವೋಲ್ಟ್ ಸೆನ್ಸರ್ ವೈರು. ಶಾಕೇ ಹೊಡೆಯಲ್ಲ, ಅದಕ್ಕೂ ಇಷ್ಟು ರಾಮಾಯಣ ಯಾಕೆ?

ನಿಮಗೆ ಶಾಕ್ ಹೊಡೆಯದ ಕರೆಂಟು ಗ್ಯಾಸಿಗೆ ಸಾಕಾಗುತ್ತದೆ. 1913ರ ಅಕ್ಟೋಬರ್ 14ರಂದು ಬ್ರಿಟನ್ನಿನ ವೇಲ್ಸ್‌ನಲ್ಲಿ ಸೆಂಗೆನಿತ್ ಕಲ್ಲಿದ್ದಲು ಗಣಿ ಸಿಡಿದು 439 ಕಾರ್ಮಿಕರು ಸತ್ತರು. ಖಚಿತ ಕಾರಣ ಸಿಗಲಿಲ್ಲ, ಆದರೆ ಸಂಶಯ ಬಿದ್ದದ್ದರಲ್ಲಿ ಬ್ಯಾಟರಿಯಿಂದ ನಡೆಯುವ ಸಂಕೇತದ ಗಂಟೆಯ ತಂತಿಯೂ ಒಂದು. ಆ ಗಂಟೆಗಳ ಮೇಲೆ ನಡೆದ ಪ್ರಯೋಗಗಳಿಂದ ಬೆಳೆದದ್ದೇ ಇಂಟ್ರಿನ್ಸಿಕ್ ಸೇಫ್ಟಿ. ತಂತಿ ತುಂಡಾದರೂ ಶಾರ್ಟ್ ಆದರೂ ಗ್ಯಾಸ್ ಹತ್ತುವಷ್ಟು ಶಕ್ತಿ ಅದರಲ್ಲಿ ಇರಲೇಬಾರದು ಅನ್ನುವ ಲೆಕ್ಕ.

ಆ ಮಿತಿ ಕಾಯುವುದು ಪ್ಯಾನಲ್ಲಿನಲ್ಲಿ ಕೂತ ಬ್ಯಾರಿಯರ್. ನೀಲಿ ಬಣ್ಣದ ಟರ್ಮಿನಲ್ಲಿಗೆ ಬೇರೆ ವೈರು ಸೇರಿಸಬೇಡಿ, ಬೇರೆ ಸರ್ಕ್ಯೂಟಿನ ಟರ್ಮಿನಲ್ಲಿಗೂ ಅದಕ್ಕೂ 50 ಮಿ.ಮೀ. ಅಂತರ ಇರಲಿ, ಇಲ್ಲವೇ ನಡುವೆ ತಡೆ ಇರಲಿ. ಜೀನರ್ ಬ್ಯಾರಿಯರ್ ಆದರೆ ಅದರ ಅರ್ಥ್ 1 ಓಮ್‌ಗಿಂತ ಕಡಿಮೆ ಇರಬೇಕು. ನಮ್ಮ ಕಡೆಯ ಸಿಡಿಲು ಗೊತ್ತಲ್ಲ, ಸಿಡಿಲಿನ ನಂತರ ಬ್ಯಾರಿಯರ್ ಹೋಗಿದ್ದರೆ ಅದನ್ನು ಬೈಪಾಸ್ ಮಾಡಿ ಲೈನ್ ಓಡಿಸುವವರಿದ್ದಾರೆ. ಮೀಟರ್ ಓಡುತ್ತದೆ, ರಕ್ಷಣೆ ಹೋಗಿರುತ್ತದೆ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಎಫ್‌ಎಲ್‌ಪಿ ಮೋಟಾರ್ ಸುಟ್ಟಿದೆ. ಇಲ್ಲೇ ವೈಂಡಿಂಗ್ ಅಂಗಡಿಲಿ ಕೊಡ್ಲಾ?

ವೈಂಡಿಂಗ್ ಮಾಡುವವರ ಕೈಕೆಲಸದ ಬಗ್ಗೆ ನನಗೆ ಗೌರವ ಇದೆ. ಪ್ರಶ್ನೆ ಬೇರೆ. ತಾಮ್ರದ ಗೇಜ್, ಸುತ್ತು, ಇನ್ಸುಲೇಶನ್ ಬದಲಾದರೆ ಮೈ ಬಿಸಿ ಬದಲಾಗುತ್ತದೆ, ಟಿ4 ಅನ್ನುವ ಮಾತು ಸುಳ್ಳಾಗುತ್ತದೆ. ಶಾಫ್ಟ್ ಹೊರಬರುವ ಕಡೆಯ ಸಂದಿಯೂ ಫ್ಲೇಮ್ ಪಾತೇ, ಅದನ್ನು ಲೇತಿಗೆ ಕೊಟ್ಟು ಒಂದು ಕೂದಲೆಳೆ ತೆಗೆದರೂ ಮುಗಿಯಿತು. ಐಎಸ್/ಐಇಸಿ 60079 ಅನ್ನುವ ಮಾನದಂಡದ 19ನೇ ಭಾಗ ಇದಕ್ಕೇ ಇರುವುದು. ಅದರ ಪ್ರಕಾರ ಮಾಡಿ ಬರೆದು ಕೊಡುವವರಿಗೆ ಅಥವಾ ತಯಾರಕರಿಗೇ ಕಳಿಸಿ. ಬೇರೆ ಊರಿಗೆ ಹೋಗಿ ಬರಲು ವಾರಗಟ್ಟಲೆ ಹಿಡಿಯಬಹುದು, ಹಾಗಾಗಿ ಒಂದು ಸ್ಪೇರ್ ಇಟ್ಟುಕೊಳ್ಳುವುದು ಒಳ್ಳೆಯದು.

ಅದೇ ಮೋಟಾರಿಗೆ ವಿಎಫ್‌ಡಿ ಹಾಕಬಹುದಾ?

ವಿಎಫ್‌ಡಿ ಅಂದರೆ ಮೋಟಾರಿನ ವೇಗ ಬದಲಿಸುವ ಡ್ರೈವ್. ಮೋಟಾರಿನ ಸರ್ಟಿಫಿಕೇಟ್ ಅದರ ಜೊತೆಗೆ ಓಡಿಸಲು ಒಪ್ಪಿದ್ದರೆ ಮಾತ್ರ ಹಾಕಿ. ನಿಧಾನ ತಿರುಗಿದಾಗ ಅದರದೇ ಫ್ಯಾನ್ ಸಾಕಷ್ಟು ಗಾಳಿ ಹೊಡೆಯುವುದಿಲ್ಲ, ಮೈ ಕಾಯುತ್ತದೆ.

ಗ್ಯಾಸ್ ಮೀಟರ್ ಸೊನ್ನೆ ತೋರಿಸ್ತಿದೆ. ಡ್ರಿಲ್ ತರಬಹುದು ಅಲ್ವಾ?

ಮೊದಲು ಆ ಸೊನ್ನೆಯನ್ನು ನಂಬಬಹುದಾ ನೋಡಿ. ಮೀಟರಿನ 100 ಅಂದರೆ ಗಾಳಿ ತುಂಬ ಗ್ಯಾಸ್ ಅಂತಲ್ಲ, ಹತ್ತಿಕೊಳ್ಳುವ ಕೆಳಗಿನ ಮಿತಿ ಮುಟ್ಟಿತು ಅಂತ. ಮೀಥೇನಿಗೆ ಕ್ಯಾಲಿಬ್ರೇಟ್ ಮಾಡಿದ ಮೀಟರ್ ಪೆಟ್ರೋಲ್ ಆವಿಯನ್ನು ಕಡಿಮೆ ತೋರಿಸುತ್ತದೆ. ಕ್ಯಾಟಲಿಟಿಕ್ ಸೆನ್ಸರಿಗೆ ಸಿಲಿಕಾನ್ ಆವಿ ವಿಷ, ಅದು ಸತ್ತುಹೋದರೂ ಪರದೆಯಲ್ಲಿ ಸೊನ್ನೆ ತಣ್ಣಗೆ ಕೂತಿರುತ್ತದೆ. ಆಮ್ಲಜನಕ ಕಡಿಮೆ ಇರುವ ಟ್ಯಾಂಕಿನಲ್ಲೂ ಅದನ್ನು ನಂಬುವ ಹಾಗಿಲ್ಲ. ಅದಕ್ಕೇ ಕೆಲಸದ ದಿನ ಬೆಳಿಗ್ಗೆ ಗೊತ್ತಿರುವ ಗ್ಯಾಸ್ ಹಾಯಿಸಿ ಮುಳ್ಳು ಏಳುತ್ತದೆಯೇ ಅಂತ ನೋಡಬೇಕು. ಆಮೇಲೆ ನೆಲದ ಮಟ್ಟ, ಚರಂಡಿ, ಮೂಲೆ ಎಲ್ಲ ಕಡೆ ಹಿಡಿಯಿರಿ. ಕಿಡಿ, ಬೆಂಕಿ ಬರುವ ಕೆಲಸಕ್ಕೆ ಕೊಡುವ ಹಾಟ್ ವರ್ಕ್ ಪರ್ಮಿಟ್ ಸಹಿಯಾಗಿ ಕೈಗೆ ಬಂದ ಮೇಲೆ ಡ್ರಿಲ್, ಕೆಲಸ ಮುಗಿಯುವವರೆಗೂ ಮೀಟರ್ ಪಕ್ಕದಲ್ಲೇ. ಡ್ರಿಲ್ಲಿಗೆ ಹೆದರುವವರು ಕೇಬಲಿನ ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಮಾತ್ರ ಆರಾಮಾಗಿ ತರುತ್ತಾರೆ. 500 ವೋಲ್ಟ್ ಹಾಕಿದ ಕೇಬಲ್ ಟೆಸ್ಟ್ ಮುಗಿದ ಮೇಲೂ ಚಾರ್ಜ್ ಹಿಡಿದಿರುತ್ತದೆ, ತುದಿ ತಾಗಿದರೆ ಕಿಡಿ. ಅದಕ್ಕೂ ಪರ್ಮಿಟ್ ಬೇಕು.

ಎಷ್ಟು ದಿನಕ್ಕೊಮ್ಮೆ ಚೆಕ್ ಮಾಡ್ಬೇಕು?

60079ರ 17ನೇ ಭಾಗ ಹೇಳುವಂತೆ ಮೂರು ವರ್ಷ ದಾಟಬಾರದು, ಕೈಯಲ್ಲಿ ಹೊತ್ತು ತಿರುಗುವ ಸಾಮಾನಿಗೆ ಒಂದು ವರ್ಷ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆ ಬಯಲಲ್ಲಿ ಇರುವುದನ್ನು ಪ್ರತಿವರ್ಷ ಎರಡು ಸಲ ನೋಡಬೇಕು, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಒಮ್ಮೆ, ದಸರಾ ಕಳೆದ ಮೇಲೆ ಒಮ್ಮೆ. ದಸರಾ ನಂತರದ ಸುತ್ತಿನಲ್ಲೇ ನನಗೆ ತುಕ್ಕು, ಒಳಗೆ ನಿಂತ ನೀರು, ಪ್ಲಗ್ ಇಲ್ಲದ ತೂತಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಎಲ್ಲ ಸಿಗುವುದು. ಆಯುಧಪೂಜೆಗೆ ಪ್ಯಾನಲ್ ತೊಳೆದು ಹೂ ಏರಿಸುವ ದಿನ ಅಂಚಿಗೂ ಬಣ್ಣ ಬಳಿದುಬಿಡುತ್ತಾರೆ, ಅದನ್ನು ಮೊದಲೇ ಹೇಳಿ ತಡೆಯಿರಿ.

ಸೂಪರ್‌ವೈಸರ್ "ಲೈವಲ್ಲೇ ತೆಗಿ, ಎರಡು ನಿಮಿಷದ ಕೆಲಸ" ಅಂತಾರೆ. ಹೊಟ್ಟೆಪಾಡು ಅಣ್ಣ, ಏನ್ ಮಾಡ್ಲಿ?

ನಿನ್ನ ಕಷ್ಟ ಗೊತ್ತು ತಮ್ಮ, ನಾನೂ ದಿನಗೂಲಿಯಲ್ಲಿ ಇದ್ದವನು. ಆ ಮುಚ್ಚಳದ ಮೇಲೆ ಕರೆಂಟ್ ಇದ್ದಾಗ ತೆಗೆಯಬೇಡಿ ಅಂತ ತಯಾರಕರೇ ಬರೆದಿರುತ್ತಾರೆ. ಅದನ್ನು ಅವರಿಗೆ ತೋರಿಸಿ ಓದಿ ಹೇಳು. ಜಗಳ ಬೇಡ, "ಸಾರ್, ಐಸೊಲೇಟ್ ಮಾಡಿ ಕೊಡಿ, ಹತ್ತು ನಿಮಿಷದಲ್ಲಿ ಮುಗಿಸ್ತೀನಿ" ಅನ್ನು. ಫೀಡರ್ ಬಂದ್ ಮಾಡಿ ನಿನ್ನದೇ ಬೀಗ ಹಾಕಿ ಕೀಲಿ ನಿನ್ನ ಜೇಬಲ್ಲಿ ಇರಲಿ. ಡ್ರೈವ್, ಕೆಪಾಸಿಟರ್ ಇದ್ದರೆ ಮುಚ್ಚಳದ ಮೇಲೆ ಬರೆದಷ್ಟು ನಿಮಿಷ ಕಾಯಿ. ಆಮೇಲೂ ಒಪ್ಪದಿದ್ದರೆ, "ಲೈವಲ್ಲಿ ತೆಗೆಯಲು ಹೇಳಿದ್ದಾರೆ" ಅಂತ ಲಾಗ್ ಬುಕ್ಕಿನಲ್ಲಿ ಬರೆದು ಅವರ ಸಹಿ ಕೇಳು. ನನ್ನ ಇಪ್ಪತ್ತು ವರ್ಷದಲ್ಲಿ ಆ ಸಹಿ ಹಾಕಿದವರು ಒಬ್ಬರೂ ಇಲ್ಲ, ಎಲ್ಲರೂ ಲೈನ್ ಬಂದ್ ಮಾಡಿಸಿಯೇ ಕೊಟ್ಟರು.